ಅಮ್ಮ ರೋಗಿಯಾಗಿದ್ದ ಕಾಲೇಜು

ಸೀಟು ಸಿಗುವ ತನಕ ಮಾತ್ರ ಮಂಡೆಬಿಸಿ, ಸಿಕ್ಕಿದ ಮೇಲೆ ಆರಾಮ ಎಂದು ನನಗೆ ಎಲ್ಲರೂ ಹೇಳಿದ್ದರು. ಸುಳ್ಳು. ಒಂದು ಸೀಟು ಸಿಕ್ಕಿದ್ದರೆ ಆರಾಮವಾಗಿರುತ್ತಿತ್ತೋ ಏನೋ. ನನಗೆ ಎರಡು ಸಿಕ್ಕಿದವು. ಒಂದು ಅಬುಧಾಬಿಯ ಮೆಡಿಕಲ್ ಕಾಲೇಜಿನಲ್ಲಿ, ಮನೆಯಿಂದಲೇ ಹೋಗಿ ಬರಬಹುದು. ಇನ್ನೊಂದು ದುಬೈಯಲ್ಲಿ, ಅಲ್ಲಿ ಹಾಸ್ಟೆಲ್ ಬೇಕು. ಎರಡೂ ಕಡೆಯವರು ಅಭಿನಂದನೆ ಹೇಳಿ ಮೇಲ್ ಕಳಿಸಿದರು. ಸೇರುವ ಮೊದಲು ಇನ್ನೊಮ್ಮೆ ಬನ್ನಿ, ಕಾಲೇಜು ಸರಿಯಾಗಿ ನೋಡಿಕೊಂಡು ಹೋಗಿ ಎಂದು ಎರಡೂ ಕಡೆಯವರು ಕರೆದರು. ತಿಂಗಳು ಮುಗಿಯುವುದರೊಳಗೆ ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಇಲ್ಲ ಎನ್ನಬೇಕಿತ್ತು.

ಆ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಫ್ರಿಜ್ ತೆರೆಯುವುದು, ಏನೂ ತೆಗೆಯದೆ ಮುಚ್ಚುವುದು. ಮೂಲೆಯ ಗ್ರೋಸರಿಗೆ ಆ ಬಿಸಿಲಲ್ಲಿ ನಡೆದುಕೊಂಡು ಹೋಗುವುದು, ಯಾಕೆ ಬಂದೆ ಎಂದು ಮರೆತು ವಾಪಸ್ ಬರುವುದು. ನಾವಿರುವುದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಹಿಂದಿನ ಭಾಗದಲ್ಲಿ. ಅಲ್ಲಿ ರಸ್ತೆಯಲ್ಲಿ ನಡೆಯುವವರೇ ಇಲ್ಲ, ಎಲ್ಲರೂ ಕಾರಿನಲ್ಲಿ. ಹಾಗಾಗಿ ನಾನು ನಡೆಯುವುದನ್ನು ಇಡೀ ಬೀದಿ ನೋಡಿತ್ತು. "ನಿಮ್ಮ ಹುಡುಗನಿಗೆ ಎಂತ ಆಯ್ತು?" ಎಂದು ಪಕ್ಕದ ಮನೆಯ ಬ್ಯಾರಿ ಆಂಟಿ ಅಮ್ಮನನ್ನು ಕೇಳಿದರಂತೆ. "ಡಾಕ್ಟರ್ ಸೀಟು ಸಿಕ್ಕಿದೆ, ಅದಕ್ಕೆ" ಎಂದಳಂತೆ ಅಮ್ಮ.

ಈ ಡಾಕ್ಟರ್ ಹುಚ್ಚು ನನಗೆ ಯಾರೂ ಹಿಡಿಸಿದ್ದಲ್ಲ. ನಮ್ಮ ಮನೆತನದಲ್ಲಿ ಡಾಕ್ಟರ್ ಇಲ್ಲ, ನರ್ಸ್ ಕೂಡ ಇಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಫೋನಿನಲ್ಲಿ ಏನೋ ಹುಡುಕುವಾಗ ಹೃದಯ ಬಡಿಯುವುದರ ವಿಡಿಯೋ ಒಂದು ಸಿಕ್ಕಿತು, ಅಲ್ಲಿಂದ ಶುರು. ಇಸಿಜಿಯ ಗೆರೆ ಓದುವುದನ್ನು ನಾನೇ ಕಲಿತೆ. ಹೊಲಿಗೆ ಹಾಕುವುದನ್ನು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಲಿತೆ. ಮಾಂಸದಂಗಡಿಯಿಂದ ಆಡಿನ ಹೃದಯ ತಂದು ಅಡುಗೆಮನೆಯ ಹಲಗೆಯ ಮೇಲೆ ಕೊಯ್ದು, ಒಂದೊಂದು ಕವಾಟಕ್ಕೂ ಟೂತ್‌ಪಿಕ್ ಚುಚ್ಚಿ ಹೆಸರು ಅಂಟಿಸಿದ್ದೆ. ಅಮ್ಮ ಟೂತ್‌ಪಿಕ್ ತೆಗೆದು ಅದೇ ದಿನ ಸುಕ್ಕ ಮಾಡಿದಳು. ರುಚಿಯಾಗಿತ್ತು.

ಅಮ್ಮನ ಕೆಲಸ ಏನು ಎಂದರೆ ಜನ ಮೊದಲು ನಂಬುವುದಿಲ್ಲ. ಕಾಯಿಲೆ ಬೀಳುವುದೇ ಅವಳ ಕೆಲಸ. ಮೆಡಿಕಲ್ ವಿದ್ಯಾರ್ಥಿಗಳು ನಿಜವಾದ ರೋಗಿಯನ್ನು ಮುಟ್ಟುವ ಮೊದಲು ರೋಗಿಯ ಹಾಗೆ ನಟಿಸುವವರ ಜೊತೆ ಮಾತಾಡಿ ಕಲಿಯುತ್ತಾರೆ. ಪರೀಕ್ಷೆಯೂ ಹಾಗೆಯೇ. ಕಾಲೇಜಿನವರು ಇಂತಿಂಥ ನೋವು, ಇಂತಿಂಥ ಮನೆ, ಇಂತಿಂಥ ಹೆದರಿಕೆ ಎಂದು ಕಥೆ ಬರೆದು ಕೊಡುತ್ತಾರೆ. ಅಮ್ಮ ಅದನ್ನು ಬಾಯಿಪಾಠ ಮಾಡಿ, ಹಸಿರು ಗೌನ್ ಹಾಕಿಕೊಂಡು ಮಂಚದ ಮೇಲೆ ಮಲಗಿ ನರಳುತ್ತಾಳೆ. ಊರಿನ ಚರ್ಚಿನ ನಾಟಕಗಳಲ್ಲಿ ಜಗಳಗಂಟಿ ಅತ್ತೆಯ ಪಾತ್ರ ಮಾಡುತ್ತಿದ್ದವಳು. ಇಲ್ಲಿ ಯಾರೋ ಇಂಥ ಕೆಲಸ ಉಂಟು ಎಂದು ಹೇಳಿದ್ದಕ್ಕೆ ನಗುತ್ತಾ ಹೋಗಿದ್ದಳು, ಮೊದಲ ದಿನವೇ ತೆಗೆದುಕೊಂಡರು. ಆ ಕಾಲೇಜು ಬೇರೆ ಯಾವುದೂ ಅಲ್ಲ, ನನಗೆ ಸೀಟು ಸಿಕ್ಕಿದ ಅಬುಧಾಬಿಯ ಕಾಲೇಜೇ.

ಈ ಕೆಲಸ ಮಾಡುವವರನ್ನು ಅಲ್ಲಿ ಸ್ಟ್ಯಾಂಡರ್ಡೈಸ್ಡ್ ಪೇಶೆಂಟ್, ಇಂಗ್ಲಿಷಿನ ಎರಡು ಅಕ್ಷರದಲ್ಲಿ ಎಸ್.ಪಿ. ಎನ್ನುತ್ತಾರೆ. ಪಪ್ಪಾನಿಗೆ ಅಷ್ಟು ಸಾಕಿತ್ತು. ಪಪ್ಪಾ ಇರುವುದು ಮದೀನತ್ ಜಾಯೆದ್‌ನಲ್ಲಿ, ಪಶ್ಚಿಮದ ಮರಳಿನ ಕಡೆ, ಒಂದು ಎಣ್ಣೆ ಕಂಪೆನಿಯ ಸ್ಟೋರಿನಲ್ಲಿ ಕೆಲಸ. ಶುಕ್ರವಾರ ಸಂಜೆ ಬಂದು ಭಾನುವಾರ ಹೋಗುತ್ತಾರೆ. ಬಂದು ಚಪ್ಪಲಿ ಬಿಡುವ ಮೊದಲೇ ಶುರು.

"ಎಸ್ಪಿ ಮೇಡಂ, ಸಲ್ಯೂಟ್. ಈ ವಾರ ಎಂತ ಕಾಯಿಲೆ?"

"ಹೇಳ್ಲಿಕ್ಕಿಲ್ಲ. ಪರೀಕ್ಷೆ ಉಂಟು."

"ನಂಗೂ ಹೇಳ್ಲಿಕ್ಕಿಲ್ವಾ? ಕಟ್ಟಿಕೊಂಡ ಗಂಡ ನಾನು."

"ನಿಮ್ಗೆ ಹೇಳಿದ್ರೆ ಇಡೀ ಕ್ಯಾಂಪಿಗೆ ಗೊತ್ತಾಗ್ತದೆ. ಕೈ ತೊಳ್ಕೊಳ್ಳಿ, ಊಟ ತಣ್ಣಗಾಗ್ತದೆ."

ನಿಜಕ್ಕೂ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಮನೆಯಲ್ಲಿ ನಟನೆಯ ಅಭ್ಯಾಸ ಮಾಡುವಾಗ ನಾನು ನೋಡುತ್ತಿದ್ದೆನಲ್ಲ. ಸಿಂಕಿನ ಹತ್ತಿರ ಬಲಗೈಯನ್ನು ಪಕ್ಕೆಲುಬಿನ ಕೆಳಗಿಟ್ಟು ಬಾಗಿದರೆ ಪಿತ್ತಕೋಶ. ಮೆಟ್ಟಿಲ ಮೇಲೆ ನಿಂತು ಮುಷ್ಟಿಯನ್ನು ಎದೆಗೆ ಒತ್ತಿದರೆ ಹೃದಯ. ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಗಳ ಸುದ್ದಿ ಹೇಳುವಳು. ಹೆಸರು ಹೇಳುತ್ತಿರಲಿಲ್ಲ, ಗುಣ ಮಾತ್ರ. ನನ್ನನ್ನು ಕೊಂಕಣಿಯಲ್ಲಿ ಪುತಾ, ಮಗನೇ ಎಂದು ಕರೆದು ಶುರು ಮಾಡುವಳು. "ಒಬ್ಬ ಬಂದ ಪುತಾ, ನನ್ನ ಮುಖವೇ ನೋಡ್ಲಿಲ್ಲ. ಗಡಿಯಾರ ನೋಡಿ ನೋಡಿ ನನ್ನ ನೋವು ಕೇಳಿದ. ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ, ನಿಜವಾಗಿ ಎದೆ ಹಿಡ್ಕೊಂಡಿತು. ಇನ್ನೊಬ್ಳು ಬಂದ್ಳು, ಚಿಕ್ಕ ಹುಡುಗಿ, ಕೈ ತಣ್ಣಗುಂಟು ಸಾರಿ ಅಂತ ಹೇಳಿ ಉಜ್ಜಿಕೊಂಡು ಆಮೇಲೆ ಮುಟ್ಟಿದ್ಳು. ಅವಳು ಕೇಳದ್ದನ್ನೂ ಅವಳಿಗೆ ಹೇಳಿಬಿಡುವ ಅಂತ ಕಂಡಿತು."

ಹೀಗೆ ಕೇಳಿ ಕೇಳಿ ಆ ಕಾಲೇಜು ನನಗೆ ಅರ್ಧ ಗೊತ್ತಿತ್ತು. ಅಲ್ಲೇ ಸೇರುವುದು ಎಂದು ಅಮ್ಮ ಮನಸ್ಸಿನಲ್ಲಿ ತೀರ್ಮಾನ ಮಾಡಿಯಾಗಿತ್ತು. ಊಟ ಮನೆಯದ್ದು, ಬಟ್ಟೆ ಮನೆಯಲ್ಲಿ ಒಗೆಯುವುದು. ನನಗೂ ಮುಕ್ಕಾಲು ಪಾಲು ಹಾಗೆಯೇ ಅನಿಸಿತ್ತು. ಆ ಉಳಿದ ಕಾಲು ಪಾಲು ನನ್ನನ್ನು ಬಿಸಿಲಲ್ಲಿ ನಡೆಸುತ್ತಿತ್ತು.

ಮೊದಲು ಅಬುಧಾಬಿಯ ಕಾಲೇಜಿಗೆ ಹೋದೆ. ಅಮ್ಮ ಗೇಟಿನ ತನಕ ಬಿಟ್ಟಳು, ಕಾರಿನಿಂದ ಇಳಿಯಲಿಲ್ಲ.

"ಬಾ ಅಮ್ಮ, ಬೇರೆಯವರ ಅಪ್ಪ ಅಮ್ಮ ಎಲ್ಲ ಬಂದಿದ್ದಾರೆ."

"ನಾನು ಬಂದ್ರೆ ಆ ಮಕ್ಕಳು ಎದೆನೋವಿನ ಆಂಟಿ ಬಂದ್ರು ಅಂತ ಓಡಿಹೋಗ್ತಾರೆ. ನೀನು ಹೋಗು, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರ ಮಾಡಿದಳು.

ಒಳಗೆ ಖರ್ಜೂರ ಮತ್ತು ಗಹ್ವಾ, ಅಂದರೆ ಅರಬ್ಬಿ ಕಾಫಿ, ಕೊಟ್ಟರು. ಸುಡಾನಿನ ಒಬ್ಬಳು ಸೀನಿಯರ್ ನಮ್ಮನ್ನು ಸುತ್ತಿಸಿದಳು. ಮನುಷ್ಯನಷ್ಟು ಉದ್ದದ ಒಂದು ಪರದೆಯಿತ್ತು, ಮೇಜಿನ ಹಾಗೆ ಮಲಗಿಸಿದ್ದು. ಅವಳು ಅದರ ಮೇಲೆ ಬೆರಳು ಜಾರಿಸಿದಾಗ ಚರ್ಮ ಹೋಗಿ ಸ್ನಾಯು ಬಂತು, ಇನ್ನೊಮ್ಮೆ ಜಾರಿಸಿದಾಗ ಸ್ನಾಯು ಹೋಗಿ ಮೂಳೆ. ಆಮೇಲೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳು, ಪ್ರತಿಯೊಂದರಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಯ ಆಚೆಯಿಂದ ನೋಡುವವರಿಗೆ ಒಂದು ಗಾಜು. ಇದೇ ಅಮ್ಮನ ಆಫೀಸು. ಒಂದು ಮಂಚದ ಕೆಳಗೆ ಅವಳು ಚಪ್ಪಲಿ ಬಿಡುವ ರೀತಿಯಲ್ಲೇ ಯಾರದೋ ಚಪ್ಪಲಿ ಇತ್ತು, ನೋಡಿ ಮನೆಗೇ ಬಂದ ಹಾಗಾಯಿತು.

ನಟಿಸುವವರನ್ನೆಲ್ಲ ನೋಡಿಕೊಳ್ಳುವ ಫಿಲಿಪೈನ್ಸಿನ ಮೇಡಂ ಅಲ್ಲಿದ್ದರು. ನನ್ನ ಮುಖ ನೋಡಿ ನಿಂತರು.

"ನೀನು ಅವರ ಮಗ. ಹೇಳಬೇಡ, ಗೊತ್ತಾಯಿತು. ಅದೇ ಹಣೆ!" ಎಂದರು ಇಂಗ್ಲಿಷಿನಲ್ಲಿ. ಸುತ್ತ ಇದ್ದವರಿಗೆಲ್ಲ ನನ್ನನ್ನು ತೋರಿಸಿದರು. "ಇವನ ತಾಯಿ ಅತ್ತರೆ ಗಾಜಿನ ಆಚೆ ಮಾರ್ಕ್ ಹಾಕುವವರೂ ಕಣ್ಣೊರೆಸುತ್ತಾರೆ."

ನಾನು ಹಲ್ಲು ಕಿರಿದೆ.

"ನಮಗೆ ಬೇಸರ ಉಂಟು. ಆಗಸ್ಟಿನಿಂದ ಅವರು ಬರುವುದಿಲ್ಲ ಅಲ್ಲವಾ? ಆದರೆ ಒಳ್ಳೆಯ ಹೆಂಗಸು. ನಾವು ಕೇಳುವ ಮೊದಲು ತಾವೇ ಬಂದು ಹೇಳಿದರು."

"ಯಾಕೆ ಬರುವುದಿಲ್ಲ?"

ಅವರ ನಗು ಸ್ವಲ್ಪ ಕಡಿಮೆಯಾಯಿತು. "ನೀನು ಸೇರುತ್ತೀಯಲ್ಲ. ಪರೀಕ್ಷೆಯ ಕೇಸುಗಳೆಲ್ಲ ಅವರ ಕೈಯಲ್ಲಿ ಇರುತ್ತವೆ. ಇಲ್ಲಿ ಓದುವವರ ಮನೆಯವರು ರೋಗಿಯಾಗುವ ಹಾಗಿಲ್ಲ, ಅದು ನಿಯಮ." ನನ್ನ ಮುಖ ನೋಡಿ ಬಾಯಿಗೆ ಕೈ ಇಟ್ಟುಕೊಂಡರು. "ಅವರು ನಿನಗೆ ಹೇಳಿಲ್ಲವಾ?"

ಅದಾದ ಮೇಲೆ ಲೈಬ್ರರಿ ತೋರಿಸಿದರು, ಕ್ಯಾಂಟೀನು ತೋರಿಸಿದರು, ಡೀನ್ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಏನು ಹೇಳಿದರು ಎಂದು ಇವತ್ತಿಗೂ ಗೊತ್ತಿಲ್ಲ.

ಕರೆದುಕೊಂಡು ಹೋಗಲು ಅಮ್ಮ ಬಂದಾಗ ಸೀಟಿನಲ್ಲಿ ನನಗಾಗಿ ಪಫ್ಸ್ ತಂದಿಟ್ಟಿದ್ದಳು.

"ಹೇಗುಂಟು?"

"ಆಗಸ್ಟಿನಿಂದ ನೀನು ಹೋಗುದಿಲ್ವಂತೆ."

ಅಮ್ಮ ಕನ್ನಡಿ ನೋಡಿ ಇಂಡಿಕೇಟರ್ ಹಾಕಿ ರಸ್ತೆಗೆ ಬಂದಳು. "ಅವಳ ಬಾಯಿಗೆ ಬೀಗ ಇಲ್ಲ."

"ಸೇರ್ತೇನೆ ಅಂತ ನಾನೇ ಇನ್ನೂ ಹೇಳ್ಲಿಲ್ಲ. ನೀನು ಹೋಗಿ ಕೆಲಸ ಬಿಟ್ಟಾಯ್ತಾ?"

"ನೀನು ಹೇಳ್ಬೇಕಾ? ನಂಗೆ ಗೊತ್ತಾಗುದಿಲ್ವಾ?"

"ಹಾಗಾದ್ರೆ ನಾನು ದುಬೈಗೇ ಹೋಗ್ತೇನೆ. ಖಲಾಸ್."

ಅವಳು ಒಂದು ಮಸೀದಿಯ ಪಕ್ಕದಲ್ಲಿ ನೆರಳು ಸಿಕ್ಕಿದ ಕಡೆ ಕಾರು ನಿಲ್ಲಿಸಿದಳು, ಎಸಿ ಹಾಗೇ ಬಿಟ್ಟು ನನ್ನ ಕಡೆ ತಿರುಗಿದಳು.

"ಕೇಳು ಬಾಬಾ. ಅಮ್ಮನ ಕೆಲಸ ಹೋಗ್ತದೆ ಅಂತ ನೀನು ದುಬೈಗೆ ಹೋದಿ ಅಂತ ಇಟ್ಕೊ. ನಾಳೆ ಅಲ್ಲಿ ಒಂದು ಪರೀಕ್ಷೆ ಫೇಲಾದ್ರೆ ನೀನು ಯಾರ ಮುಖ ನೋಡ್ತಿ? ನನ್ನದು. ಬಾಯಲ್ಲಿ ಹೇಳುದಿಲ್ಲ, ಆದ್ರೆ ನೋಡ್ತಿ. ಅದು ನಂಗೆ ಬೇಡ."

"ಇಲ್ಲಿ ಸೇರಿದ್ರೆ ನಾನು ದಿನಾ ನಿನ್ನ ಮುಖ ನೋಡ್ಬೇಕಲ್ಲ, ಮನೆಯಲ್ಲಿ ಸುಮ್ನೆ ಕೂತದ್ದು?"

"ಸುಮ್ನೆ ಯಾಕೆ ಕೂರ್ತೇನೆ? ನಿನ್ನ ಬಟ್ಟೆ ಯಾರು ಒಗೆಯುದು?" ಎಂದು ನಗಲು ನೋಡಿದಳು. ಆಗಲಿಲ್ಲ. "ಪಫ್ಸ್ ತಿನ್ನು" ಎಂದಳು.

ಪಪ್ಪಾನಿಗೆ ನಾನೇ ಫೋನ್ ಮಾಡಿದೆ. "ಎಸ್ಪಿ ಮೇಡಂ ರಾಜೀನಾಮೆ ಕೊಟ್ರಾ? ನಂಗೂ ಗೊತ್ತಿಲ್ಲ ಮಾರಾಯ!" ಎಂದು ಮೊದಲು ಜೋರಾಗಿ ನಕ್ಕರು. ಆಮೇಲೆ ದನಿ ತಗ್ಗಿಸಿದರು. ಹಿಂದೆ ಯಾವುದೋ ಫೋರ್ಕ್‌ಲಿಫ್ಟ್ ಬೀಪ್ ಬೀಪ್ ಎನ್ನುತ್ತಿತ್ತು.

"ನಿಂಗೆ ಒಂದು ವಿಷಯ ಹೇಳ್ತೇನೆ. ಈ ಕೆಲಸ ಸಿಗುವ ಮೊದ್ಲು ನಿನ್ನಮ್ಮ ಫೋನಲ್ಲಿ ನಂಗೆ ಎಂತ ಹೇಳ್ತಿದ್ಳು ಗೊತ್ತುಂಟಾ? ಎಸಿಯಿಂದ ನೀರು ಸೋರ್ತದೆ. ಕರ್ಟನ್ ಬಿಸಿಲಿಗೆ ಬಿಳಿಯಾಯ್ತು. ವಾರವಿಡೀ ಅಷ್ಟೇ. ಈಗ ಫೋನ್ ಇಡ್ಲಿಕ್ಕೆ ನಾನೇ ಹೇಳ್ಬೇಕು."

"ಹಾಗಾದ್ರೆ ಎಂತ ಮಾಡುದು ಪಪ್ಪಾ?"

"ನಂಗೆ ಕೇಳ್ತಿಯಾ? ನಂಗೆ ಸ್ಟೋರಿನಲ್ಲಿ ಯಾವ ಪೈಪು ಎಲ್ಲುಂಟು ಅಂತ ಕೇಳು, ಹೇಳ್ತೇನೆ."

ದುಬೈಗೆ ಹೋಗುವ ದಿನ ಅಮ್ಮ ತಾನೇ ಹೊರಟು ನಿಂತಿದ್ದಳು, ಚರ್ಚಿಗೆ ಹೋಗುವಾಗಿನ ಚೂಡಿದಾರ ಹಾಕಿಕೊಂಡು. ಅಬುಧಾಬಿಯೊಳಗೆ ಕಾರು ಓಡಿಸುವವಳು, ದುಬೈ ಹೈವೇಗೆ ಯಾವತ್ತೂ ತಾನೇ ಓಡಿಸಿಕೊಂಡು ಹೋದವಳಲ್ಲ. ದುಬೈ ಗಡಿಯ ಘಂತೂತ್ ದಾಟುವ ತನಕ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದಿದ್ದಳು, ಲಾರಿಗಳ ಹಿಂದೆಯೇ ಹೋದಳು. ನಾನು ಪಕ್ಕದಲ್ಲಿ ಕೂತು ಕಾಲು ಅಲುಗಾಡಿಸುತ್ತಿದ್ದೆ.

"ಕಾಲು ನಿಲ್ಲಿಸು. ನಂಗೆ ಬ್ರೇಕ್ ಹಾಕಿದ ಹಾಗೆ ಆಗ್ತದೆ."

ಅಲ್ಲಿ ಅಪ್ಪ ಅಮ್ಮಂದಿರನ್ನು ಒಂದು ಹಾಲಿನಲ್ಲಿ ಕೂರಿಸಿ, ನಮ್ಮನ್ನು ಬೇರೆ ಕರೆದುಕೊಂಡು ಹೋದರು. ಕಟ್ಟಡ ಸ್ವಲ್ಪ ಹಳೆಯದು. ಗಹ್ವಾ ಇಲ್ಲ, ನೀರಿನ ಬಾಟಲಿ. ನಮ್ಮನ್ನು ಸುತ್ತಿಸಿದ ಹುಡುಗ ಅರ್ಧ ದಾರಿಯಲ್ಲಿ ಬಾಗಿಲು ತಪ್ಪಿ ಸ್ಟೋರ್‌ರೂಮಿಗೆ ಕರೆದುಕೊಂಡು ಹೋದ. ಆಮೇಲೆ ಅನಾಟಮಿ ಕೋಣೆ. ಅಲ್ಲಿ ನಿಜವಾದ ದೇಹಗಳು ಇದ್ದವು, ಓದುವವರಿಗಾಗಿ ಕೊಟ್ಟು ಹೋದವರದ್ದು. ಬಾಗಿಲಲ್ಲೇ ಔಷಧಿಯ ವಾಸನೆ ಮೂಗಿಗೆ ಹೊಡೆಯಿತು. ಈಜಿಪ್ಟಿನ ವಯಸ್ಸಾದ ಪ್ರೊಫೆಸರ್ ಒಬ್ಬರು ಮೊದಲು ನಮ್ಮನ್ನು ಸುಮ್ಮನೆ ನಿಲ್ಲಿಸಿದರು. ಯಾರೂ ಮಾತಾಡಬಾರದು, ಇವರಿಗೆ ಧನ್ಯವಾದ ಹೇಳುವುದು ಹೀಗೆ ಎಂದರು. ಆಮೇಲೆ ಒಂದು ಟ್ರೇ ತೆರೆದು ಹೃದಯವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು.

"ಯಾರು ಹೇಳುತ್ತೀರಿ? ಇದು ಎದೆಯೊಳಗೆ ಇರುವಾಗ ಮುಂದೆ, ಎದೆಮೂಳೆಯ ಕಡೆಗೆ ಇರುವುದು ಯಾವ ಭಾಗ?"

ನಾನು ಬಿಡುತ್ತೇನಾ. ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಎಡ ಹೃತ್ಕುಕ್ಷಿ ಎಡಕ್ಕೆ, ಬಲದ್ದು ಬಲಕ್ಕೆ, ಎರಡೂ ಪಕ್ಕಪಕ್ಕದಲ್ಲಿ ಮುಂದೆ ಕಾಣುತ್ತವೆ ಎಂದು ಇಂಗ್ಲಿಷಿನಲ್ಲಿ ಪಟಪಟ ಹೇಳಿದೆ. ಕವಾಟಗಳ ಹೆಸರನ್ನೂ ಸೇರಿಸಿದೆ, ಕೇಳದಿದ್ದರೂ.

ಪ್ರೊಫೆಸರ್ ನನ್ನನ್ನೇ ನೋಡಿದರು. "ಎಲ್ಲಿ ಕಲಿತೆ?"

"ನಾನೇ ಕಲಿತೆ ಸರ್. ಆಡಿನ ಹೃದಯ ಕೊಯ್ದು."

"ಹಲಗೆಯ ಮೇಲೆ ಇಟ್ಟು?"

"ಹೌದು ಸರ್."

"ಗೊತ್ತಾಯಿತು. ಹಲಗೆಗೆ ಎದೆಗೂಡು ಇರುವುದಿಲ್ಲ." ಅವರು ಹೃದಯವನ್ನು ತಮ್ಮ ಎದೆಯ ಮುಂದೆ ಹಿಡಿದು ನಿಧಾನ ವಾಲಿಸಿದರು, ತಿರುಗಿಸಿದರು. ಮುಂದೆ ಬಂದದ್ದು ಹೆಚ್ಚುಕಡಿಮೆ ಪೂರ್ತಿ ಬಲಭಾಗ. ಎಡದ್ದು ಹಿಂದೆ ಹೋಗಿ, ಅಂಚಿನಲ್ಲಿ ಸ್ವಲ್ಪವೇ ಕಂಡಿತು. "ಮನುಷ್ಯನ ಒಳಗೆ ಅದು ಹೀಗೆ ಓರೆಯಾಗಿ ಕೂತಿರುತ್ತದೆ. ನೀನು ಹೃದಯ ನೋಡಿದ್ದೀಯ. ಅದು ಇರುವ ಜಾಗ ನೋಡಿಲ್ಲ."

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಮನಸ್ಸಿನಲ್ಲಿ ಹೃದಯವನ್ನು ಮಲಗಿಸಿಕೊಂಡೇ ಇದ್ದೆನಲ್ಲ! ಓಡಿಹೋಗಬೇಕು ಅನಿಸಿತು, ಅದರ ಜೊತೆಗೇ ಇನ್ನೊಮ್ಮೆ ತಿರುಗಿಸಿ ತೋರಿಸಿ ಎಂದು ಕೇಳಬೇಕು ಅನಿಸಿತು. ಕೇಳಿದೆ. ಅವರು ತೋರಿಸಿದರು.

ಹಾಲಿಗೆ ವಾಪಸ್ ಬಂದಾಗ ಅಮ್ಮ ಕೇರಳದ ಒಬ್ಬ ಹುಡುಗನ ಅಪ್ಪನಿಗೆ, ರೋಗಿಯ ಕೈ ಹಿಡಿಯುವುದನ್ನು ಇಲ್ಲಿ ಯಾವ ವರ್ಷ ಕಲಿಸುತ್ತಾರೆ ಎಂದು ಡೀನ್ ಹತ್ತಿರ ಕೇಳಲು ಹೇಳಿಕೊಡುತ್ತಿದ್ದಳು.

ಇಷ್ಟು ದೂರ ಬಂದು ಬಟ್ಟೆ ನೋಡದೆ ಹೋಗುವುದು ಹೇಗೆ ಎಂದು ಅವಳು ಕಾರನ್ನು ಬರ್ ದುಬೈಗೆ ತಿರುಗಿಸಿದಳು. ಕ್ರೀಕಿನ ಹತ್ತಿರದ ಬಟ್ಟೆ ಅಂಗಡಿಗಳ ಸಾಲು, ನಡೆಯಲು ಜಾಗ ಇಲ್ಲ. ಒಂದು ಅಂಗಡಿಯೊಳಗೆ ನುಗ್ಗಿ ಸ್ಟೂಲಿನ ಮೇಲೆ ಕೂತಳು. ಅಂಗಡಿಯವನು ಥಾನುಗಳನ್ನು ಒಂದರ ಮೇಲೊಂದು ಬಿಚ್ಚಿ ಎಸೆಯತೊಡಗಿದ. ಬೆಡ್‌ಶೀಟಿನ ಕಾಟನ್.

ಬಟ್ಟೆಯನ್ನು ಬೆರಳಲ್ಲಿ ಉಜ್ಜುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಸರಿ, ಹೇಳು. ಎಲ್ಲಿ?"

"ದುಬೈ."

"ಯಾಕೆ?"

"ಇಲ್ಲಿ ನಿಜವಾದ ದೇಹ ಉಂಟು. ಅಲ್ಲಿ ಬರೀ ಸ್ಕ್ರೀನು."

"ಅದು ವೆಬ್‌ಸೈಟಿನಲ್ಲಿ ಉಂಟು. ಮುಂದೆ."

"ಪ್ರೊಫೆಸರ್ ಒಳ್ಳೆಯವರು."

"ಅವ್ರು ನಾಳೆ ರಿಟೈರ್ ಆಗಿ ಊರಿಗೆ ಹೋಗ್ತಾರೆ. ಮುಂದೆ."

"ದೀದೀ, ಯೇ ದೇಖಿಯೇ, ಏಕ್‌ದಮ್ ಸಾಫ್ಟ್..."

"ಏಕ್ ಮಿನಿಟ್ ಭಯ್ಯಾ. ಇಧರ್ ಇಂಟರ್‌ವ್ಯೂ ಚಲ್ ರಹಾ ಹೈ."

ಅಂಗಡಿಯವನು ನನ್ನ ಕಡೆ ಕನಿಕರದಿಂದ ನೋಡಿದ.

"ಮತ್ತೆ ನಿನ್ನ ಕೆಲಸ..." ಎಂದು ಬಾಯಿ ತೆರೆದೆ.

"ಅದು ಹೇಳಿದ್ರೆ ಇಲ್ಲಿಂದ ಎದ್ದು ಸೀದಾ ಮನೆಗೆ." ಅವಳು ಈಗ ನನ್ನನ್ನು ನೋಡಿದಳು. "ಪುತಾ, ನಾನು ಎಷ್ಟು ಮಕ್ಕಳನ್ನು ನೋಡಿದ್ದೇನೆ ಆ ಮಂಚದಲ್ಲಿ ಮಲಗಿ! ಬಾಯಿಪಾಠ ಮಾಡಿ ಬಂದವನ ಕಣ್ಣು ಎಲ್ಲಿಗೆ ಹೋಗ್ತದೆ ಅಂತ ನಂಗೆ ಗೊತ್ತುಂಟು. ನಿಂದು ಈಗ ಆ ಫ್ಯಾನಿನಲ್ಲಿ ಉಂಟು. ಕೆಳಗೆ ತಾ. ಸರಿಯಾಗಿ ಹೇಳು."

ಕಣ್ಣನ್ನು ಕೆಳಗೆ ತಂದೆ. ಮಾತು ತಾನಾಗಿಯೇ ಬಾಯಿಂದ ಬಂತು.

"ನಂಗೆ ಇವತ್ತು ಇಲ್ಲಿ ಕಾಲೇಜಿನಲ್ಲಿ ಮರ್ಯಾದೆ ಹೋಯ್ತು ಅಮ್ಮ. ಎಲ್ರ ಎದುರು ತಪ್ಪು ಹೇಳಿದೆ. ನಗಾಡಿದ್ರು. ಆದ್ರೆ ಯಾರಿಗೂ ನಾನು ಯಾರು ಅಂತ ಗೊತ್ತಿರ್ಲಿಲ್ಲ. ಅಬುಧಾಬಿಯಲ್ಲಿ ನಾನು ಬಾಗಿಲು ದಾಟುವ ಮೊದ್ಲೇ ನಿನ್ನ ಮಗ. ಅಲ್ಲಿ ನೀನು ಕೆಲಸ ಬಿಟ್ರೂ ನಿನ್ನ ಮಗನೇ. ನಾನು ಯಾವ ರೋಗಿಯ ಹತ್ರ ಹೋದ್ರೂ, ಅಮ್ಮ ಇದಕ್ಕೆ ಎಷ್ಟು ಮಾರ್ಕ್ ಕೊಡ್ತಿದ್ಳು ಅಂತ ಯೋಚಿಸ್ತೇನೆ. ನೀನು ಇಲ್ಲದ ಕಡೆ ನಂಗೆ ತಪ್ಪು ಮಾಡ್ಬೇಕು."

ಬಟ್ಟೆಯ ಮೇಲಿನ ಅವಳ ಕೈ ನಿಂತಿತು. ಅವಳ ಮುಖದಲ್ಲಿ ನಾನು ಬೇಕಾದಷ್ಟು ನೋವು ನೋಡಿದ್ದೇನೆ, ಹೊಟ್ಟೆಯದ್ದು, ಬೆನ್ನಿನದ್ದು, ಎದೆಯದ್ದು. ಅವು ಯಾವುವೂ ಹೀಗೆ ಇರಲಿಲ್ಲ. ಇದಕ್ಕೆ ಸದ್ದೂ ಇಲ್ಲ, ಬಾಗುವುದೂ ಇಲ್ಲ. ಮಾತು ವಾಪಸ್ ತೆಗೆದುಕೊಳ್ಳಬೇಕು ಅನಿಸಿತು.

"ಹ್ಞಾಂ" ಎಂದಳು. "ಇದು ನಿಜ."

"ಅಮ್ಮ, ಹಾಗಲ್ಲ ನಾನು ಹೇಳಿದ್ದು..."

"ಹಾಗೇ ಹೇಳಿದ್ದು. ಈಗ ಸಕ್ಕರೆ ಹಾಕ್ಬೇಡ." ಎದ್ದು ನಿಂತು ಒಂದು ನೀಲಿ ಗೆರೆಯ ಬಟ್ಟೆ ಎಳೆದಳು. "ಹಾಸ್ಟೆಲಿನ ಮಂಚ ಎಷ್ಟು ಅಗಲ ಉಂಟು?"

"ನೋಡ್ಲಿಲ್ಲ."

"ಕಾಲೇಜು ನೋಡ್ಲಿಕ್ಕೆ ಎರಡೆರಡು ಸಲ ಬಂದ, ಮಂಚ ನೋಡ್ಲಿಲ್ಲ!" ಅಂಗಡಿಯವನಿಗೆ ಕೈಯಲ್ಲೇ ಅಳತೆ ತೋರಿಸಿದಳು. "ಕಾಟೋ ಭಯ್ಯಾ."

ಬಟ್ಟೆಯ ಚೀಲ ನನ್ನ ಕೈಗೆ ಕೊಟ್ಟು, ಅಂಗಡಿಯ ಹೊರಗೆ ನಿಂತೇ ಅವಳು ಫಿಲಿಪೈನ್ಸಿನ ಮೇಡಂಗೆ ಫೋನ್ ಮಾಡಿದಳು. ನನ್ನ ಮಗ ನಿಮ್ಮಲ್ಲಿಗೆ ಬರುವುದಿಲ್ಲ, ನಾನು ಬರಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಅವಳು "ಓಕೆ ಮೇಡಂ, ಓಕೆ" ಎನ್ನುತ್ತಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

"ಎಂತ ಹೇಳಿದ್ರು?"

"ನನ್ನ ಜಾಗಕ್ಕೆ ಇನ್ನೊಬ್ಳು ಬಂದಾಯ್ತಂತೆ. ಒಂದು ಜಾಗ ಖಾಲಿ ಆಗ್ಬಹುದಂತೆ, ಆದ್ರೆ ನಾನು ಪುನಃ ಆಡಿಷನ್ ಕೊಡ್ಬೇಕು. ಮುಂದಿನ ವಾರ."

"ನಿಂಗೆ ಎಂತ ಆಡಿಷನ್? ನಿನ್ನನ್ನು ಅವ್ರಿಗೆ ಗೊತ್ತಿಲ್ವಾ?"

"ಬಿಟ್ಟು ಬಂದವಳು ಅಲ್ವಾ ನಾನು. ಸಾಲಿನಲ್ಲಿ ನಿಲ್ಬೇಕು."

ಹೈವೇಗೆ ಬಂದ ಮೇಲೆ ನಾನು ಫೋನ್ ತೆಗೆದು ದುಬೈಯವರಿಗೆ ಹೌದು ಎಂದು ಕಳಿಸಿದೆ. ಆಮೇಲೆ ಅಬುಧಾಬಿಯವರ ಮೇಲ್ ತೆರೆದೆ. ಸೀಟು ಬೇಡ ಎಂದು ಒತ್ತಿದರೆ ಬೇರೆಯವರಿಗೆ ಹೋಗುತ್ತದೆ, ಆಮೇಲೆ ಕೇಳುವ ಹಾಗಿಲ್ಲ ಎಂದು ಕೆಳಗೆ ಬರೆದಿತ್ತು. ಮುಂದಿನ ವಾರದ ತನಕ ಸಮಯ ಉಂಟಲ್ಲ ಎಂದು ಯೋಚನೆ ಬಂತು. ಅವಳಿಗೆ ಆ ಜಾಗ ಸಿಗದೇ ಹೋದರೆ?

"ಒತ್ತಿದ್ಯಾ?" ರಸ್ತೆ ನೋಡುತ್ತಲೇ ಕೇಳಿದಳು.

"ನಿನ್ನ ಆಡಿಷನ್ ಆಗ್ಲಿ ಅಂತ..."

"ಬೇಡ. ಅದಕ್ಕೆ ಕಾದ್ರೆ ಪುನಃ ನಾನೇ ಕಾರಣ ಆಗ್ತೇನೆ. ಈಗ ಒತ್ತು."

ಒತ್ತಿದೆ. ನಿಮ್ಮ ಉತ್ತರ ದಾಖಲಾಗಿದೆ, ಶುಭವಾಗಲಿ ಎಂದು ಬಂತು. ಓದಿ ಹೇಳಿದೆ. ಅಮ್ಮ ತಲೆಯಾಡಿಸಿದಳು. ರೇಡಿಯೋ ಹಾಕಿದಳು, ಯಾವುದೋ ಹಾಡು ಶುರುವಾಗುವಷ್ಟರಲ್ಲಿ ಆಫ್ ಮಾಡಿದಳು, ಮತ್ತೆ ಹಾಕಿದಳು. ಮುಂದಿನ ಲಾರಿಯನ್ನು ದಾಟುವುದಾ ಬೇಡವಾ ಎಂದು ಇಂಡಿಕೇಟರ್ ಹಾಕಿ ಆರಿಸುತ್ತಾ, ಅದರ ಹಿಂದೆಯೇ ಬಹಳ ದೂರ ಹೋದಳು.